ಲೈನಿಗೆ ಹತ್ತ್ಯಾನ

ಜುಲೈ ಹದಿನೈದು, ಮಂಗಳವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು. ಬೈಲಹೊಂಗಲದಲ್ಲಿ ನಾನು ಕೆಲಸ ಮಾಡುವ ಆನ್‌ಲೈನ್ ಅಂಗಡಿಯಲ್ಲಿ ಒಬ್ಬ ಅಜ್ಜನ ಪಿಂಚಣಿ ಅರ್ಜಿ ತುಂಬುತ್ತಿದ್ದೆ. ಸಾಲಹಳ್ಳಿಯಿಂದ ಅವ್ವನ ಫೋನ್ ಬಂತು.

"ರಾತ್ರಿಯಿಂದ ಲೈನ್ ಇಲ್ಲವಾ ಇಲ್ಲೆ," ಅಂದಳು.

"ಹೂಂ, ಹೇಳವ್ವಾ."

"ನಿಮ್ಮಣ್ಣ ಮುಂಜಾನೆದ್ದು ಲೈನಿಗೆ ಹತ್ತ್ಯಾನ. ನೀ ಲಗೂನ..."

ಅಷ್ಟಕ್ಕೆ ಫೋನ್ ನಿಂತಿತು. ತಿರುಗಿ ಹಚ್ಚಿದೆ. ಸ್ವಿಚ್ ಆಫ್. ಅಣ್ಣನಿಗೆ ಹಚ್ಚಿದೆ. ಅದೂ ಸ್ವಿಚ್ ಆಫ್. ಅಜ್ಜ ಕಾಗದಗಳನ್ನು ಎದೆಗೆ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ.

"ಯಾಕವಾ, ಲೈನ್ ಹೋತೇನು?" ಎಂದು ಕೇಳಿದ. ಅವನು ಕೇಳಿದ್ದು ಕಂಪ್ಯೂಟರಿನ ನೆಟ್ಟಿನ ಬಗ್ಗೆ.

ನಮ್ಮಣ್ಣನ ಕೆಲಸ ಲೈನಿನ ಮೇಲೆಯೇ. ಕರೆಂಟಿನ ಕಂಬ ನಿಲ್ಲಿಸುವ, ಹಳೆಯ ತಂತಿ ಬಿಚ್ಚಿ ಹೊಸದು ಎಳೆಯುವ ಗುತ್ತಿಗೆದಾರನೊಬ್ಬನ ತಂಡದಲ್ಲಿ ಎರಡು ವರ್ಷದಿಂದ ಇದ್ದಾನೆ. ಸವದತ್ತಿ ತಾಲೂಕಿನಲ್ಲಿ ಒಂದಿಷ್ಟು ದಿನ, ರಾಮದುರ್ಗ ತಾಲೂಕಿನಲ್ಲಿ ಒಂದಿಷ್ಟು ದಿನ. ಹೋದ ಏಪ್ರಿಲ್‌ನಲ್ಲಿ ನಾನು ಒಂದು ಕೆಲಸಕ್ಕೆ ಸವದತ್ತಿಗೆ ಹೋದಾಗ ಬಸ್ ಸ್ಟ್ಯಾಂಡಿನ ಹೊರಗೆ ಇಬ್ಬರೂ ಚಹಾ ಕುಡಿದೆವು. ಅವನು ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿಯದೆ ಕುಳಿತಿದ್ದ. ಏನಾಯಿತು ಅಂದೆ.

"ನಿನ್ನೆ ನಮ್ಮ ಜೋಡಿ ಇದ್ದಾಂವ ಲೈನಿಗೆ ಹತ್ತಿದ. ಸಪ್ಲೈ ತಗದಾರ ಅಂತ ಮುಟ್ಟಿದ, ತಗದಿದ್ದಿಲ್ಲ. ಕಟ್ಟಿಗಿ ಬಡಗಿಲೆ ಹೊಡದು ತಂತಿಯಿಂದ ಬಿಡಿಸಿದ್ವಿ. ಜೀವ ಉಳದೈತಿ, ಕೈ ಹೇಳಾಕ ಬರೂದಿಲ್ಲ," ಅಂದ. ಚಹಾ ಮುಗಿಸಿ, "ಅವ್ವಗ ಹೇಳಬ್ಯಾಡ," ಅಂದ.

ನಾನು ಹೇಳಿರಲಿಲ್ಲ. ಡೈರಿಯಲ್ಲಿ ಬರೆದಿದ್ದೆ, ಅಷ್ಟೇ. ಈಗ ಅವನ ಬಾಯಿಂದ ಕೇಳಿದ್ದ ಅದೇ ಮಾತು ಅವ್ವನ ಬಾಯಿಂದ ಬಂದಿತ್ತು.

ಅಂಗಡಿಯ ಒಡತಿಯನ್ನು ನಾನು ಅಕ್ಕಾರ ಅನ್ನುತ್ತೇನೆ. ಅವರಿಗೆ ಹೇಳಿದೆ. ಅವರು ಝೆರಾಕ್ಸ್ ಯಂತ್ರಕ್ಕೆ ಕಾಗದ ತುಂಬುತ್ತಿದ್ದವರು ತಲೆ ಎತ್ತಲಿಲ್ಲ. "ಲೈನಿಗೆ ಹತ್ತ್ಯಾನ ಅಂದ್ರ ಕೆಲಸಕ್ಕ ಹೋಗ್ಯಾನ ಅಂತ. ಕಂಬದ ಮ್ಯಾಲ ಹತ್ತೂದು ಅವನ ಕೆಲಸ ಅಲ್ಲೇನು? ಕುಂತ್ಗೊ."

ಕುಳಿತೆ. ಅದೂ ಸರಿಯಾದ ಅರ್ಥವೇ. ಆದರೆ ದಿನಾಲೂ ಮಾಡುವ ಕೆಲಸಕ್ಕೆ ಹೋಗಿದ್ದಾನೆಂದು ಅವ್ವ ಬೈಲಹೊಂಗಲಕ್ಕೆ ಫೋನ್ ಮಾಡಿ ಯಾಕೆ ಹೇಳುತ್ತಾಳೆ? 'ನೀ ಲಗೂನ' ಅಂದಳಲ್ಲ, ಅದರ ಮುಂದೆ ಏನಿತ್ತು? ಬೇಗ ಬಾ ಅಂತಲೇ? ನಮ್ಮ ಕಡೆ ಹತ್ತುವುದು ಎನ್ನುವ ಮಾತಿಗೂ ಒಂದು ನೆಲೆಯಿಲ್ಲ. ಬಸ್ ಹತ್ತುತ್ತೇವೆ, ಕೆಲಸಕ್ಕೆ ಹತ್ತುತ್ತೇವೆ, ಒಲೆ ಹತ್ತುತ್ತದೆ, ಗೋಡೆಗೆ ಸುಣ್ಣ ಹತ್ತುತ್ತದೆ, ನಾಯಿ ಬೆನ್ನು ಹತ್ತುತ್ತದೆ. ಇದರ ಜೊತೆಗೆ ಲೈನ್ ಸೇರಿದರೆ ಯಾವ ಗಂಟು ಬಿಚ್ಚಬೇಕು ಎಂದೇ ತಿಳಿಯುವುದಿಲ್ಲ.

ಲೈನ್ ಎಂಬ ಶಬ್ದವನ್ನು ಉಗಾದಿಯಿಂದ ನಾನು ಡೈರಿಯ ಹಿಂದಿನ ಪುಟಗಳಲ್ಲಿ ಬರೆದಿಡುತ್ತಿದ್ದೆ. ಯಾರು ಯಾವ ದಿನ ಯಾವ ಅರ್ಥದಲ್ಲಿ ಅಂದರು ಎಂದು ಬರೆದು, ಅದೇ ಅರ್ಥ ಮತ್ತೆ ಬಂದಾಗ ಪಕ್ಕದಲ್ಲಿ ಒಂದು ಗೆರೆ ಎಳೆಯುವುದು. ಶುರುವಾದದ್ದು ತಮಾಷೆಗೆ. ಅಂಗಡಿಯ ಬಾಗಿಲಲ್ಲಿ ನಿಂತು ಒಬ್ಬರು, "ಲೈನ್ ಐತೇನ್ರಿ?" ಅಂದರು. "ಐತ್ರಿ," ಅಂದೆ. ಅವರು ತಿರುಗಿ ಹೋಗಿಬಿಟ್ಟರು. ನಾನು ಅಂದದ್ದು ನೆಟ್ ಇದೆ ಎಂದು. ಅವರು ತಿಳಿದದ್ದು ಜನ ಸಾಲುಗಟ್ಟಿ ನಿಂತಿದ್ದಾರೆ ಎಂದು. ಆ ಹೊತ್ತಿಗೆ ಅಂಗಡಿಯಲ್ಲಿ ನೊಣವೂ ಇರಲಿಲ್ಲ. ಅಕ್ಕಾರ ಮಧ್ಯಾಹ್ನದವರೆಗೆ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ಕಿವಿ ಸುಮ್ಮನಿರಲಿಲ್ಲ. ಕರೆಂಟ್ ಅನ್ನುವ ಅರ್ಥದ ಗೆರೆಗಳೇ ಎಲ್ಲಕ್ಕಿಂತ ಹೆಚ್ಚು. ಆಮೇಲೆ ಪಾಳಿ, ಅಂದರೆ ಸಾಲುಗಟ್ಟಿ ನಿಲ್ಲುವುದು. ನಳದ ಪೈಪಿಗೂ ಲೈನ್. ಕಿತ್ತೂರಿನಲ್ಲಿರುವ ನನ್ನ ಕಾಲೇಜಿನ ಗೆಳತಿ ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ: "ಬೈಲಹೊಂಗಲದಾಗ ಯಾರರ ಲೈನ್ ಹೊಡದ್ರೋ ಇಲ್ಲೋ?" ಈ ಸಾಲಿನ ಮುಂದೆ ಗೆರೆಗಳು ಬಹಳ, ಎಲ್ಲವೂ ಅವಳವೇ. ಬಟ್ಟೆ ವ್ಯಾಪಾರ ಬಿಟ್ಟು ಕಿರಾಣಿ ಇಟ್ಟ ಪಕ್ಕದ ಅಂಗಡಿಯವರು, "ಇದು ನಮ್ಮ ಲೈನ್ ಅಲ್ರಿ," ಅನ್ನುತ್ತಿದ್ದರು. ಕುಡಿತ ಬಿಟ್ಟವನು ಲೈನಿಗೆ ಬಂದ. ಅಣ್ಣ ಹೇಳಿದ ಅರ್ಥದ ಮುಂದೆ ಮಾತ್ರ ಒಂದೇ ಗೆರೆ ಇತ್ತು, ಏಪ್ರಿಲ್‌ನದು. ಎರಡನೆಯದನ್ನು ಎಳೆಯುವ ಪ್ರಸಂಗ ಬರಬಾರದು ಎಂದುಕೊಂಡಿದ್ದೆ.

ಪಕ್ಕದ ಮನೆಯ ಕಾಕಾನ ಫೋನಿಗೆ ಹಚ್ಚಿದೆ. ಅದೂ ಸ್ವಿಚ್ ಆಫ್. ಅಣ್ಣನ ತಂಡದ ಮೇಸ್ತ್ರಿಯ ನಂಬರ್ ನನ್ನ ಹತ್ತಿರ ಇತ್ತು. ಮೂರನೆಯ ಸಲಕ್ಕೆ ಎತ್ತಿದ. ಹಿಂದೆ ಗಾಳಿಯ ಸಪ್ಪಳ, ಯಾರೋ ಕೂಗುತ್ತಿದ್ದರು.

"ಮೇಸ್ತ್ರಿಯವ್ರ, ನಮ್ಮಣ್ಣ..."

"ಲೈನ್ ಮ್ಯಾಲ ಅದೀನವಾ, ಆಮ್ಯಾಲ ಹಚ್ಚು," ಅಂದು ಇಟ್ಟುಬಿಟ್ಟ.

ಮೇಸ್ತ್ರಿ ಕಂಬದ ಮೇಲೆ ಇದ್ದಾನೋ, ಬೇರೆ ಯಾರ ಜೊತೆಯೋ ಫೋನಿನಲ್ಲಿ ಇದ್ದಾನೋ, ಅದೂ ಗೊತ್ತಾಗಲಿಲ್ಲ.

ಅಜ್ಜನ ಅರ್ಜಿಯಲ್ಲಿ ನಾನು ಎರಡನೆಯ ಸಲ ತಪ್ಪು ಒತ್ತಿದ್ದನ್ನು ನೋಡಿ ಅಕ್ಕಾರ ಕುರ್ಚಿ ಎಳೆದುಕೊಂಡು ಬಂದರು. "ಏಳು. ಹೋಗಿ ನೋಡಿ ಬಾ. ಇಲ್ಲೇ ಕುಂತ್ರ ನೀ ಈ ಅಜ್ಜಗ ವಿಧವಾ ಪಿಂಚಣಿ ಹಚ್ಚತಿ."

"ಆದ್ರೂ ನಡೀತೈತಿ, ರೊಕ್ಕ ಬಂದ್ರ ಸಾಕು," ಅಂದ ಅಜ್ಜ. ನಗು ಬರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಯರಗಟ್ಟಿಯ ಬಸ್ಸು ನಿಲ್ಲುವ ಜಾಗ ಖಾಲಿ ಇತ್ತು. ವಿಚಾರಣೆಯ ಕಿಟಕಿಯಲ್ಲಿದ್ದವರು ನನ್ನ ಮುಖ ನೋಡದೆ ಹೇಳಿದರು: "ಇವತ್ತ ಮಂಗಳವಾರ ನೋಡ್ರಿ. ಗಾಡಿ ಎಲ್ಲಾ ಗುಡ್ಡದ ಲೈನಿಗೆ ಹಾಕ್ಯಾರ." ಯಲ್ಲಮ್ಮನ ಗುಡ್ಡಕ್ಕೆ ಹೊರಟವರು ಬುಟ್ಟಿ, ಮಕ್ಕಳು, ಬೇವಿನ ಎಲೆ ಹಿಡಿದು ಇನ್ನೊಂದು ಕಡೆ ತುಂಬಿದ್ದರು. ನಾನು ಕಟ್ಟೆಯ ಮೇಲೆ ಕುಳಿತೆ, ಎದ್ದೆ, ಪುಸ್ತಕದ ಅಂಗಡಿಯವರೆಗೆ ಹೋಗಿ ಬಂದೆ. ಪ್ರತಿ ಸಲ ಅಲ್ಲಿಂದ ತಿರುಗುವಾಗ ಅವ್ವನಿಗೆ ಹಚ್ಚುತ್ತಿದ್ದೆ. ಸ್ವಿಚ್ ಆಫ್ ಎಂದು ಹೇಳುವ ಆ ಹೆಣ್ಣುದನಿ ಬಹಳ ಸೌಮ್ಯವಾಗಿತ್ತು. ಆಕೆಯ ಮೇಲೆ ಸಿಟ್ಟು ಬಂತು.

ಹನ್ನೊಂದೂವರೆಗೆ ಒಂದು ಬಸ್ಸು ಸಿಕ್ಕಿತು. ಪಕ್ಕದಲ್ಲಿ ಮುರಗೋಡಕ್ಕೆ ಹೊರಟ ಒಬ್ಬ ಅಜ್ಜಿ. ಯಾರೂ ಕೇಳದಿದ್ದರೂ ಮಾತು ಶುರು ಮಾಡಿದಳು. ಮೊಮ್ಮಗನನ್ನು ದವಾಖಾನೆಗೆ ಹಾಕಿದ್ದರಂತೆ, ಜ್ವರ ಇಳಿದಿದೆಯಂತೆ. "ಎರಡ ಸಲಾಯ್ನ ಹಚ್ಯಾರ," ಅಂದಳು.

"ಯಾವ ಲೈನು?" ಅಂದೆ. ಎಷ್ಟು ಜೋರಾಗಿ ಅಂದೆನೋ, ಮುಂದಿನ ಸೀಟಿನವರು ತಿರುಗಿ ನೋಡಿದರು.

"ಲೈನಲ್ಲವಾ, ಸಲಾಯ್ನ. ಬಾಟ್ಲಿಯೊಳಗಿನ ನೀರು. ಕಿವಿ ಮಂದ ಅದಾವೇನು, ಪಾಪ?"

ಅಜ್ಜಿಗೆ ಎಲ್ಲ ಹೇಳಿಬಿಟ್ಟೆ. ಹೇಳಿದರೆ ಹಗುರಾಗಬಹುದು ಎಂದುಕೊಂಡೆ. ನಮ್ಮಣ್ಣ ಲೈನಿಗೆ ಹತ್ತ್ಯಾನ ಅಂತ ಅವ್ವ ಫೋನ್ ಮಾಡಿದ್ಳು, ಆಮೇಲೆ ಫೋನ್ ಹತ್ತಲಿಲ್ಲ, ನೀವಾದ್ರ ಏನಂತ ತಿಳಕೋತಿದ್ರಿ ಎಂದು ಕೇಳಿದೆ.

ಅಜ್ಜಿ ಎಲೆ ಅಡಿಕೆ ಚೀಲದ ಬಾಯಿ ಕಟ್ಟಿ ಯೋಚಿಸಿದಳು. "ನಿಮ್ಮಣ್ಣಂದು ಲಗ್ನಾ ಆಗೇತೇನು?"

"ಇಲ್ರಿ."

"ಹಂಗಾರ ಯಾವದೋ ಹುಡುಗಿ ಬೆನ್ನ ಹತ್ತ್ಯಾನ. ಮುಂಜಾನೆದ್ದು ಹೋಗ್ಯಾನ ಅಂದಿಯಲ್ಲ. ಕೆಲಸಕ್ಕ ಹೋಗಾವ್ರು ಮುಂಜಾನೆದ್ದು ಹೋಗೂದಿಲ್ಲ."

ಮುಂದಿನ ಸೀಟಿನವರು ಅರ್ಧ ತಿರುಗಿದರು. "ಹಂಗಲ್ಲಜ್ಜಿ. ಆಕಿ ಅಣ್ಣ ಕಂಬದ ಕೆಲಸದಾಂವ ಅಂತ ಹೇಳಿದ್ಳಲ್ಲ. ಲೈನ್ ಇಲ್ಲ ಅಂದ್ಲು ಅವ್ವ. ಲೈನ್ ಇಲ್ಲ ಅಂದ್ಮ್ಯಾಲ ಹತ್ತಿದ್ರ ಏನಾಕ್ಕೈತಿ? ತಂತಿ ಸತ್ತಂಗ."

ಈ ಮಾತು ನನಗೆ ಹೊಳೆದೇ ಇರಲಿಲ್ಲ. ಎರಡು ನಿಮಿಷ ಉಸಿರು ಸರಿಯಾಗಿ ಬಂತು. ಆಮೇಲೆ ಏಪ್ರಿಲ್‌ನ ಚಹಾ ನೆನಪಾಯಿತು. ಅವತ್ತೂ ಸಪ್ಲೈ ತೆಗೆದಿದ್ದಾರೆ ಎಂದೇ ಅಣ್ಣನ ಜೋಡಿಯವನು ಮುಟ್ಟಿದ್ದು.

ಕಂಡಕ್ಟರ್ ಬಂದಾಗ ಯರಗಟ್ಟಿಗೆ ಎಷ್ಟೊತ್ತಿಗೆ ಮುಟ್ಟತೈತ್ರಿ ಎಂದು ಕೇಳಿದೆ. "ಡ್ರೈವರ್ ಈ ಲೈನಿಗೆ ಹೊಸಬ ಅದಾನವಾ, ತಗ್ಗು ಎಲ್ಲೆಲ್ಲಿ ಅದಾವ ಅಂತ ಒಂದೊಂದ ಇಳದು ನೋಡಾಕ ಹತ್ತ್ಯಾನ," ಅಂದರು. ಮುರಗೋಡದಲ್ಲಿ ಅಜ್ಜಿ ಇಳಿದಳು. ಇಳಿಯುವಾಗ ನನ್ನ ಗದ್ದ ಹಿಡಿದು, "ಹುಡುಗಿ ಮನಿಯವ್ರು ಚಲೋ ಇದ್ರ ಬ್ಯಾಡ ಅನಬ್ಯಾಡ್ರಿ," ಅಂದಳು.

ಯರಗಟ್ಟಿಯ ಪೇಟೆ ಬಂದಾಗ ಬಸ್ಸು ನಿಂತೇಬಿಟ್ಟಿತು. ರಸ್ತೆಯ ಬದಿಗೆ ಒಂದು ಗೊಬ್ಬರದ ಅಂಗಡಿ. ಅದರ ಬಾಗಿಲಿನಿಂದ ಡಾಂಬರಿನವರೆಗೆ ಚಪ್ಪಲಿಗಳ ಸಾಲು. ಒಂದರ ಹಿಂದೊಂದು ಜೋಡಿ. ನಡುನಡುವೆ ಒಂದು ಇಟ್ಟಂಗಿ, ಒಂದು ಊಟದ ಡಬ್ಬಿ, ನೀರು ತುಂಬಿದ ಬಾಟಲಿ. ಚಪ್ಪಲಿಯ ಧಣಿಗಳು ಎದುರಿನ ಬೇವಿನ ಗಿಡದ ಕೆಳಗೆ ಬರಿಗಾಲಲ್ಲಿ ಕುಳಿತು ಇಸ್ಪೀಟ್ ಎಲೆ ಹಾಕಿ ಆಡುತ್ತಿದ್ದರು. ಅವರ ಬೆನ್ನುಗಳಷ್ಟೇ ಕಾಣುತ್ತಿದ್ದವು. ಸಾಲಿನ ಬಾಲ ರಸ್ತೆಗೆ ಬಂದದ್ದರಿಂದ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಚಪ್ಪಲಿಗಳು ಸರಿಯಲಿಲ್ಲ.

"ಯೂರಿಯಾ ಬಂದೈತಂತ. ನಸಿಕಿನ್ಯಾಗ ಲೈನ್ ಹಚ್ಯಾರ," ಅಂದರು ಮುಂದಿನ ಸೀಟಿನವರು.

ಡೈರಿ ತೆಗೆದು ಬರೆದೆ. 'ಯರಗಟ್ಟಿ. ಲೈನ್: ಚಪ್ಪಲಿಗಳದು. ಹೊಸ ಅರ್ಥವೋ, ಪಾಳಿಯದೇ ಮರಿಯೋ ನೋಡಬೇಕು. ಒಂದು ಚಪ್ಪಲಿಯ ಪಟ್ಟಿಗೆ ತಂತಿ ಕಟ್ಟಿದೆ.' ಬರೆಯುತ್ತಿದ್ದಂತೆ ಈ ಜನರ ಮೇಲೆ ಸಿಟ್ಟು ಬಂತು. ಇವರ ಚಪ್ಪಲಿಗಳಿಂದ ನನ್ನ ಬಸ್ಸು ತಡೆದಿದೆ, ಅಲ್ಲಿ ಅಣ್ಣ ಹೇಗಿದ್ದಾನೋ.

ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಸಾಲಹಳ್ಳಿಯಲ್ಲಿ ಇಳಿದಾಗ ಒಂದೂವರೆ ಆಗಿತ್ತು. ಊರಿನಲ್ಲಿ ಹಿಟ್ಟಿನ ಗಿರಣಿ ಸುಮ್ಮನಿತ್ತು. ಕರೆಂಟ್ ಇನ್ನೂ ಬಂದಿರಲಿಲ್ಲ. ನಮ್ಮ ಓಣಿಯ ತಿರುವಿನಲ್ಲಿ ನಿಂತುಬಿಟ್ಟೆ. ಕೆಟ್ಟದ್ದೇನಾದರೂ ಆಗಿದ್ದರೆ ಮನೆಯ ಮುಂದೆ ಚಪ್ಪಲಿಗಳು ತುಂಬಿರುತ್ತವೆ. ಒಳಗೆ ಹೋಗುವ ಮೊದಲು ಅವನ್ನು ನೋಡಬೇಕು ಅನಿಸಿತು, ನೋಡಲು ಧೈರ್ಯ ಆಗಲಿಲ್ಲ. ಕೊನೆಗೆ ಇಣುಕಿದೆ. ಬಾಗಿಲ ಬಳಿ ಅವ್ವನ ಒಂದು ಜೋಡಿ ಇತ್ತು. ಬೇರೆ ಏನೂ ಇರಲಿಲ್ಲ. ಅಣ್ಣನವೂ ಇರಲಿಲ್ಲ.

ಅವ್ವ ಪಡಸಾಲೆಯಲ್ಲಿ ಬುದ್ಧನ ಫೋಟೋದ ಕೆಳಗೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಮೊರ ನಿಂತಿತು.

"ನೀ ಯಾಕ ಬಂದಿ?"

"ಅಣ್ಣ ಎಲ್ಲಿ ಅದಾನ?"

"ಲೈನಿನ್ಯಾಗ ಅದಾನ ಅಂತ ಹೇಳೀನಲ್ಲ."

"ಯಾವ ಲೈನವ್ವಾ?" ಅವಳ ಮೊರ ಕಸಿದು ಬದಿಗಿಟ್ಟೆ. "ಯಾವ ಲೈನು?"

"ಯೂರಿಯಾದ್ದು. ಯರಗಟ್ಟಿಗೆ ಹೋಗ್ಯಾನ, ಗೋವಿನಜೋಳಕ್ಕ ಎರಡ ಚೀಲ ಬೇಕಾಗಿತ್ತು. ಇವತ್ತ ಕೆಲಸಕ್ಕ ರಜಾ ಹಾಕ್ಯಾನ." ಆಮೇಲೆ ಅವಳಿಗೆ ನೆನಪಾಯಿತು. "ಅವನ ಆಧಾರ ಕಾರ್ಡ್ ಸಿಗಲಿಲ್ಲ. ತಂಗಿ ಕಂಪ್ಯೂಟರಿನ್ಯಾಗ ಐತಿ, ಆಕಿಗೆ ಹೇಳು, ಗೊಬ್ಬರದ ಅಂಗಡಿಯವರ ನಂಬರಿಗೆ ಲಗೂನ ಕಳಸ್ಲಿ ಅಂತ ಹೇಳಿ ಹೋಗಿದ್ದ. ಕಳಿಸಿದೇನು?"

ಕಳಿಸಿರಲಿಲ್ಲ. 'ನೀ ಲಗೂನ' ಎಂಬುದರ ಮುಂದಿನ ಮಾತು ಅದಾಗಿತ್ತು. ಕರೆಂಟ್ ಇಲ್ಲದೆ ಇಡೀ ಓಣಿಯ ಫೋನುಗಳು ಸತ್ತಿದ್ದವು. ಅಣ್ಣನದು ಗೂಡಿನಲ್ಲಿ ಚಾರ್ಜರಿಗೆ ಸಿಕ್ಕಿಕೊಂಡೇ ಇತ್ತು. ನಾನು ಹೊಸ್ತಿಲ ಮೇಲೆ ಕುಳಿತು ಅತ್ತೆ. ಅವ್ವನಿಗೆ ಏನೂ ತಿಳಿಯಲಿಲ್ಲ. ಒಂದು ತಂಬಿಗೆ ನೀರು ತಂದು ಮುಂದಿಟ್ಟಳು. ಆಗ ಏಪ್ರಿಲ್‌ನ ಮಾತನ್ನು ಹೇಳಿದೆ. ಅಣ್ಣ ಹೇಳಬೇಡ ಅಂದಿದ್ದ, ಆದರೆ ನಾನು ಯಾಕೆ ಓಡಿಬಂದೆ ಎಂದು ಹೇಳಲು ಬೇರೆ ದಾರಿ ಇರಲಿಲ್ಲ.

ಅವ್ವ ಮೊರ ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. ಮೊರದ ಜೋಳದಲ್ಲಿ ಬೆರಳಾಡಿಸಿದಳು.

"ನೀ ಯಾವಾಗಲೂ ಪಾಳಿ ಅಂತೀಯಲ್ಲವ್ವಾ," ಅಂದೆ. "ರೇಷನ್ ಪಾಳಿ, ನೀರಿನ ಪಾಳಿ. ಇವತ್ತ ಯಾಕ ಲೈನ್ ಅಂದಿ?"

"ನೀ ಆನ್‌ಲೈನಿನ್ಯಾಗ ಕೆಲಸ ಮಾಡಾಕಿ. ಸುತ್ತ ಕಲತ ಮಂದಿ ಇರತಾರ. ಪಾಳಿ ಅಂದ್ರ ನಿನಗ ಲಗೂ ತಿಳೀತೈತೋ ಇಲ್ಲೋ ಅಂತ ನಾನ ವಿಚಾರ ಮಾಡಿ ಲೈನ್ ಅಂದೆ," ಅಂದಳು.

ನನಗೆ ಅನುಕೂಲವಾಗಲಿ ಎಂದು ಅವಳು ತನ್ನ ಮಾತು ಬಿಟ್ಟು ನನ್ನ ಅಂಗಡಿಯ ಮಾತನ್ನು ಎತ್ತಿಕೊಂಡಿದ್ದಳು.

ಮೂರು ಗಂಟೆಗೆ ಅಣ್ಣ ಬಂದ. ಕೈ ಖಾಲಿ. ಹೊರಗಿನಿಂದಲೇ ಕೂಗಿಕೊಂಡು ಬಂದ: "ಆಧಾರ ಇಲ್ಲ ಅಂತ ಪಾಳಿಂದ ಹೊರಗ ಹಾಕಿದ್ರು. ನಿನ್ನ ಮಗಳು ಅಲ್ಲಿ ಏನ ಮಾಡತಾಳ, ನಿದ್ದಿ ಹೊಡೀತಾಳೇನು?" ಒಳಗೆ ನನ್ನನ್ನು ನೋಡಿ ಹೊಸ್ತಿಲ ಹೊರಗೇ ನಿಂತ. ಎರಡೂ ಕೈ ಹಿಡಿದು ನಾನು ಅಂಗೈಗಳನ್ನು ತಿರುಗಿಸಿ ನೋಡಿದೆ. "ಏನ್ ನೋಡತಿ, ಭವಿಷ್ಯನಾ?" ಅಂದ.

ಎಲ್ಲ ಕೇಳಿದ ಮೇಲೆ ನಕ್ಕ. ಯರಗಟ್ಟಿಯಲ್ಲಿ ಚಪ್ಪಲಿಗಳನ್ನು ನೋಡಿದೆ ಅಂದಾಗ, "ಪಟ್ಟಿಗೆ ತಂತಿ ಕಟ್ಟಿದ್ದು ನೋಡ್ದಿ?" ಅಂದ.

"ನೋಡಿದೆ. ಬರದೇನಿ."

ಅವನು ಕಾಲು ಮುಂದೆ ಚಾಚಿದ. ಎಡಗಾಲಿನ ಚಪ್ಪಲಿಯ ಪಟ್ಟಿಗೆ ಅಲ್ಯುಮಿನಿಯಂ ತಂತಿಯ ತುಂಡು, ಅವರ ಕೆಲಸದ್ದೇ. "ಬಸ್ಸಿನ ಕಿಡಕ್ಯಾಗಿಂದ ಒಂದ ಕೂಗ ಹಾಕಿದ್ರ ಕಾರ್ಡೂ ಸಿಗತಿತ್ತು, ಯೂರಿಯಾನೂ ಸಿಗತಿತ್ತು. ಬರಕೋತ ಕುಂತಿ."

ಅವ್ವ ನಗಲಿಲ್ಲ. "ಅವನ ಕೈ ಹೆಂಗ ಐತಿ ಈಗ?" ಅಂದಳು. ಯಾರ ಕೈ ಎಂದು ಅಣ್ಣ ಕೇಳಲಿಲ್ಲ. ನನ್ನನ್ನು ಒಮ್ಮೆ ನೋಡಿ, "ಎರಡ ಬೆರಳ ಮಡಚಾಕ ಬರೂದಿಲ್ಲ," ಅಂದ. "ಆ ಕೆಲಸ ಬಿಡು," ಅಂದಳು ಅವ್ವ. "ಬಿಟ್ಟು ಯಾವ ಲೈನ್ ಹಿಡೀಲಿ?" ಅಂದ ಅವನು. ಅಂದದ್ದು ಅವನಿಗೇ ತಿಳಿದು, "ಯಾವ ಕೆಲಸ ಹಿಡೀಲಿ," ಎಂದು ತಿದ್ದಿದ. ಅವ್ವ ಎದ್ದು ಒಲೆಯ ಕಡೆ ಹೋದಳು. ಸಂಜೆಗೆ ಕರೆಂಟ್ ಬಂತು. ಓಣಿಯ ಮಕ್ಕಳು ಲೈನ್ ಬಂತು, ಲೈನ್ ಬಂತು ಎಂದು ಕೂಗಿದರು.

ಅವನು ಕೆಲಸ ಬಿಟ್ಟಿಲ್ಲ. ಮರುದಿನ ಬೆಳಿಗ್ಗೆ ನಾವಿಬ್ಬರೂ ಒಂದೇ ಬಸ್ಸಿಗೆ ಯರಗಟ್ಟಿಯವರೆಗೆ ಬಂದೆವು. ಅಷ್ಟರೊಳಗೆ ಅವ್ವ ಒಂದು ಕರಾರು ಮಾಡಿಸಿದ್ದಳು. ನಮ್ಮ ಮನೆಯಲ್ಲಿ ಇನ್ನು ಲೈನ್ ಅಂದರೆ ಅಣ್ಣನ ತಂತಿ ಒಂದೇ. ನಿಲ್ಲುವುದು ಪಾಳಿ. ಸಾಲು ಅನ್ನಬಹುದಲ್ಲ ಎಂದು ನಾನು ಕೇಳಿದ್ದಕ್ಕೆ, "ಸಾಲ ಅಂದ್ರ ರೊಕ್ಕದ್ದು ಅಂತೀ, ಸಾಲಿ ಅಂದ್ರ ಮಾಸ್ತರದ್ದು ಅಂತೀ, ಮತ್ತ ಓಡಿ ಬರತಿ," ಅಂದಳು. ಇನ್ನೊಂದು ಕರಾರು ಅಣ್ಣನಿಗೆ. ಕೆಲಸ ಮುಗಿದ ಕೂಡಲೇ ಅವನು ಇಬ್ಬರಿಗೂ ಫೋನ್ ಮಾಡಿ ಒಂದೇ ಶಬ್ದ ಹೇಳಬೇಕು: "ಇಳದೇನಿ." ಕಂಬದಿಂದ ಇಳಿದಿದ್ದೇನೆ ಎಂದು. ಅದಕ್ಕೆ ಬೇರೆ ಅರ್ಥ ಇದೆಯೇ ಎಂದು ನಾನು ಬಹಳ ಹುಡುಕಿದೆ. ಬಸ್ ಇಳಿಯುವುದು ಒಂದಿದೆ. ಅದಾದರೂ ನಡೆಯುತ್ತದೆ, ಬಸ್ ಇಳಿದವನೂ ನೆಲದ ಮೇಲೆಯೇ ಇರುತ್ತಾನೆ.

ಸಂಜೆ ಆರರಿಂದ ಆ ಫೋನ್ ಬರುವವರೆಗೆ ನನಗೆ ಒಂದು ಕಡೆ ಕೂರಲು ಆಗುವುದಿಲ್ಲ. ಅಂಗಡಿಯ ಮೆಟ್ಟಿಲು ಇಳಿದು ಹತ್ತುತ್ತಿರುತ್ತೇನೆ. ಡೈರಿಯ ಹಿಂದಿನ ಪುಟಗಳಲ್ಲಿ ಈಗ ಎರಡೇ ವಿಷಯ ಬರೆಯುತ್ತೇನೆ: ಲೈನಿನ ಅರ್ಥಗಳು, ಮತ್ತು ಆ ದಿನದ 'ಇಳದೇನಿ'.

ಅಣ್ಣನ ತಂಡದವರು ಕಂಬದ ಕೆಳಗಿನಿಂದ ಮೇಲಿದ್ದವನಿಗೆ ಕೂಗುವುದು ಇವತ್ತಿಗೂ "ಲೈನ್ ತಗದೈತಿ" ಎಂದೇ. ತೆಗೆದಿದೆ ಅಂದರೆ ಸಪ್ಲೈ ನಿಲ್ಲಿಸಿದ್ದು. ಆದರೆ ಅಂಗಡಿ ತೆಗೆದಿದೆ ಅಂದರೆ ತೆರೆದದ್ದು. ಏಪ್ರಿಲ್‌ನಲ್ಲಿ ಕೆಳಗಿನವನು ಏನು ಕೂಗಿದ, ಮೇಲಿನವನು ಏನು ಕೇಳಿಸಿಕೊಂಡ ಎಂದು ಅಣ್ಣನಿಗೂ ಸರಿಯಾಗಿ ಗೊತ್ತಿಲ್ಲ. ಇದನ್ನು ಓದುವವರಲ್ಲಿ ತಂತಿಯ ಕೆಲಸ ಮಾಡುವವರು, ಅವರ ಮನೆಯವರು ಯಾರಾದರೂ ಇದ್ದರೆ, ನಿಮ್ಮ ಊರಲ್ಲಿ ಈ ಎರಡು ಮಾತಿಗೆ, ಅಂದರೆ ತಂತಿಯಲ್ಲಿ ಕರೆಂಟ್ ಇದೆ, ಇಲ್ಲ ಎನ್ನುವುದಕ್ಕೆ, ದೂರದಿಂದ ಗಾಳಿಯಲ್ಲಿ ಕೂಗಿದರೂ ಬೇರೆ ಅರ್ಥ ಹುಟ್ಟದ ಶಬ್ದ ಏನಿದೆ ಎಂದು ಪ್ರಕಾಶಕರ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಊರಿನ ಹೆಸರೂ ಇರಲಿ. ಬಂದದ್ದನ್ನು ಅಣ್ಣನಿಗೆ ಓದಿ ಹೇಳುತ್ತೇನೆ. ಅವನು ಅದನ್ನು ಕಂಬದ ಕೆಳಗೆ ನಿಂತು ಕೂಗಿ ನೋಡುತ್ತಾನಂತೆ.